ಮಾಸ್ಕ್ ಬೆಳಗಾಗುವವರೆಗೆ ಮೂಗಿನ ಮೇಲಿರಬೇಕು

ಮೂರು ಮಾತ್ರೆ ನುಂಗಿದರೂ ನನ್ನ ಬಿಪಿ 160ರ ಆಸುಪಾಸಿನಲ್ಲೇ ಇತ್ತು. ಉಪ್ಪಿನಕಾಯಿ ಬಿಟ್ಟೆ, ಹಪ್ಪಳ ಬಿಟ್ಟೆ, ದಿನಾ ವಾಕಿಂಗ್ ಹೋದೆ. ಕೊನೆಗೆ ಒಬ್ಬ ಡಾಕ್ಟರು ಪಕ್ಕದಲ್ಲಿ ಕೂತಿದ್ದ ಹೆಂಡತಿಯನ್ನು ಕೇಳಿದರು, "ಇವರು ಗೊರಕೆ ಹೊಡೀತಾರಾ?" "ಗೊರಕೆ ಇದ್ರೆ ಪರವಾಗಿಲ್ಲ ಡಾಕ್ಟ್ರೇ, ಅದು ನಿಂತಾಗಲೇ ಭಯ. ಉಸಿರೇ ಇರಲ್ಲ, ಅಲ್ಲಾಡಿಸಿ ಎಬ್ಬಿಸ್ತೀನಿ" ಅಂದಳು. ಅವಳು ಎಷ್ಟೋ ರಾತ್ರಿ ಹಾಗೆ ಕಾವಲು ಕೂತಿದ್ದು ನನಗೆ ಗೊತ್ತೇ ಇರಲಿಲ್ಲ.

ಸ್ಲೀಪ್ ಸ್ಟಡಿಯಲ್ಲಿ, ಅಂದರೆ ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆಯಲ್ಲಿ, ಗಂಟೆಗೆ 42 ಸಲ ಉಸಿರು ನಿಂತಿತ್ತು ಅಥವಾ ಕುಗ್ಗಿತ್ತು. ಈ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಅಂತಾರೆ. 30 ದಾಟಿದರೆ ತೀವ್ರ ಅಂತ ಲೆಕ್ಕ. 24 ಗಂಟೆ ಬಿಪಿ ಅಳೆಯುವ ಪಟ್ಟಿಯನ್ನೂ ಕಟ್ಟಿದರು. ನಿದ್ದೆಯಲ್ಲಿ ಬಿಪಿ ಶೇ 10ರಿಂದ 20ರಷ್ಟು ಇಳಿಯಬೇಕು, ರಕ್ತನಾಳಗಳಿಗೆ ಸಿಗುವ ಬಿಡುವೇ ಅದು. ನನಗೆ ಇಳಿದೇ ಇರಲಿಲ್ಲ.

ಗಂಟಲು ಮುಚ್ಚಿಕೊಂಡಾಗ ಆಕ್ಸಿಜನ್ ಇಳಿಯುತ್ತದೆ, ಮೈ ಗಾಬರಿಯಾಗಿ ನಾಳಗಳನ್ನು ಬಿಗಿ ಮಾಡುತ್ತದೆ, ಬಿಪಿ ಜಿಗಿಯುತ್ತದೆ, ಮತ್ತೆ ಉಸಿರು ಬಂದಾಗ ಆಕ್ಸಿಜನ್ ಒಮ್ಮೆಲೇ ನುಗ್ಗುತ್ತದೆ. ರಾತ್ರಿಯಿಡೀ ಇದೇ. ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಅನ್ನೋದನ್ನು ತಯಾರಿಸಿ ನಾಳವನ್ನು ಸಡಿಲವಾಗಿ ಇಡುತ್ತದೆ. ಆ ಪದರ ಹೀಗೆ ಪೆಟ್ಟು ತಿಂದು ತಿಂದು ಸೋತರೆ ನಾಳ ಪೆಡಸಾಗುತ್ತಾ ಹೋಗುತ್ತದೆ.

ಸಿಪ್ಯಾಪ್ ಮೆಷಿನ್ ತಂದೆವು. ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಬಿಟ್ಟು ಗಂಟಲು ಮುಚ್ಚಿಕೊಳ್ಳದಂತೆ ತಡೆಯುವ ಮೆಷಿನ್ ಅದು. ಮೊದಲ ತಿಂಗಳು ರಾತ್ರಿ 2 ಗಂಟೆಗೆಲ್ಲಾ ಮಾಸ್ಕ್ ಕಿತ್ತಿಡುತ್ತಿದ್ದೆ, ಅರ್ಧ ರಾತ್ರಿಯಾದರೂ ಹಾಕಿದೆನಲ್ಲ ಅನ್ನೋ ಸಮಾಧಾನ. ಅಲ್ಲೇ ತಪ್ಪಿದ್ದು. ಕನಸು ಬೀಳುವ ನಿದ್ದೆ ಜಾಸ್ತಿ ಬರೋದು ಬೆಳಗಿನ ಜಾವದ ಕಡೆಗೆ, ಗಂಟಲಿನ ಸ್ನಾಯು ತೀರಾ ಸಡಿಲಾಗುವುದೂ ಆಗಲೇ. 2016ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಮೊದಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದ 2,700ಕ್ಕೂ ಹೆಚ್ಚು ಜನರಲ್ಲಿ ಸಿಪ್ಯಾಪ್‌ನಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆ ಆಗಲಿಲ್ಲ. ಓದಿ ಎದೆ ಒಡೆಯಿತು. ಆದರೆ ಅವರು ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ!

ಆಮೇಲೆ ಹಟ ಹಿಡಿದೆ. ಮಧ್ಯಾಹ್ನ ಪೇಪರ್ ಓದುವಾಗ ಅರ್ಧ ಗಂಟೆ ಸುಮ್ನೆ ಮಾಸ್ಕ್ ಹಾಕಿ ಕೂತು ಅಭ್ಯಾಸ ಮಾಡಿಕೊಂಡೆ. ಮೀಸೆಯ ಸಂದಿಯಿಂದ ಗಾಳಿ ಸೋರುತ್ತಿತ್ತು, ಹಾಗಾಗಿ ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಚಿಕ್ಕ ಮಾಸ್ಕ್‌ಗೆ ಬದಲಾಯಿಸಿದೆ. ಮೂಗು ಒಣಗದಂತೆ ಹ್ಯುಮಿಡಿಫೈಯರ್‌ಗೆ ದಿನಾ ಹೊಸ ಡಿಸ್ಟಿಲ್ಡ್ ವಾಟರ್. ಮೂತ್ರಕ್ಕೆ ಎದ್ದಾಗ ಮಾಸ್ಕ್ ತೆಗೆಯಬೇಡಿ, ಪೈಪ್ ಮಾತ್ರ ಬಿಚ್ಚಿ ಹೋಗಿಬನ್ನಿ. ತೆಗೆದರೆ ನಿದ್ದೆಗಣ್ಣಲ್ಲಿ ಮತ್ತೆ ಹಾಕೋದಿಲ್ಲ, ಅಲ್ವಾ?

ನಾಲ್ಕು ತಿಂಗಳ ನಂತರ ಮತ್ತೆ ಪಟ್ಟಿ ಕಟ್ಟಿದಾಗ ರಾತ್ರಿ ಬಿಪಿ ಶೇ 12ರಷ್ಟು ಇಳಿದಿತ್ತು. ಡಾಕ್ಟರು ಒಂದು ಮಾತ್ರೆ ನಿಲ್ಲಿಸಿದರು. ಎಲ್ಲರಿಗೂ ಇಷ್ಟು ಇಳಿಯುವುದಿಲ್ಲ, ಮಾತ್ರೆಯನ್ನು ನಾವಾಗಿ ಬಿಡಲೂಬಾರದು. ಹೆಂಡತಿ ಈಗ ರಾತ್ರಿ ಏಳುವುದಿಲ್ಲ.