ಸ್ಟೀರಾಯ್ಡ್ ಗುಳಿಗೆ ಶುರುವಾದರೆ ಹೃದಯ ಕಾಯುವುದು ಹೇಗೆ?

ಸಂಧಿವಾತಕ್ಕೋ ದಮ್ಮಿಗೋ ಡಾಕ್ಟರು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ ಬರೆದರೆ, ಔಷಧಿ ಅಂಗಡಿಯಲ್ಲಿ ಅದರ ಜೊತೆಗೇ ವಿಟಮಿನ್ ಇ 400 ಕ್ಯಾಪ್ಸೂಲನ್ನೂ ಚೀಪುವ ವಿಟಮಿನ್ ಸಿ 500 ಅನ್ನೂ ಕೇಳಿ ಒಯ್ಯುವವರು ಬಹಳ. ಗುಳಿಗೆಯ ‘ಹೀಟು’ ಎದೆಗೆ ತಟ್ಟದಿರಲಿ ಎಂಬ ಲೆಕ್ಕ.

ಲೆಕ್ಕ ಪೂರ್ತಿ ಹುಸಿಯೇನಲ್ಲ. ಸ್ಟೀರಾಯ್ಡ್‌ನಿಂದ ರಕ್ತನಾಳದ ಒಳಪೊರೆಯಲ್ಲಿ ಆಕ್ಸಿಡೀಕರಣ (ಆಮ್ಲಜನಕದ ಚುರುಕು ಕಣಗಳಿಂದಾಗುವ ಹಾನಿ) ಹೆಚ್ಚುತ್ತದೆ, ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಇಳಿಯುತ್ತದೆ. ಇಲಿಗಳಲ್ಲಿ ಈ ವಿಟಮಿನ್‌ಗಳು ಇಂಥ ಹಾನಿ ತಗ್ಗಿಸಿದ್ದುಂಟು. ಮನುಷ್ಯರ ಮಾತು ಬೇರೆ. ಹೃದ್ರೋಗದ ಅಪಾಯವಿದ್ದ 9,500ಕ್ಕೂ ಹೆಚ್ಚು ಜನರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ‘ಹೋಪ್’ ಪರೀಕ್ಷೆಯಲ್ಲಿ ದಿನಕ್ಕೆ 400 ಯೂನಿಟ್ ವಿಟಮಿನ್ ಇ ನುಂಗಿದವರಿಗೆ ಲಾಭವಾಗಲಿಲ್ಲ. 2005ರ ಮುಂದುವರಿಕೆಯಲ್ಲಿ ಅವರಲ್ಲೇ ಹಾರ್ಟ್ ಫೇಲ್ಯೂರ್ (ಹೃದಯ ರಕ್ತ ಪಂಪು ಮಾಡಲಾಗದೆ ಸೋಲುವುದು) ಹೆಚ್ಚು ಕಂಡಿತು. ಅವರು ಸ್ಟೀರಾಯ್ಡ್‌ ನುಂಗುವವರೆಂದು ಆರಿಸಿದವರಲ್ಲ, ನಿಜ. ಆದರೂ ತಾವಾಗಿ ಕ್ಯಾಪ್ಸೂಲ್ ಕೊಳ್ಳುವುದು ಬೇಡ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ನುಂಗುವವರಿಗೆ ಹೆಚ್ಚು ವಿಟಮಿನ್ ಇ ಬಿದ್ದರೆ ರಕ್ತಸ್ರಾವದ ಭಯ; ಕಿಡ್ನಿಯಲ್ಲಿ ಹರಳಾಗುವವರಿಗೆ ಹೆಚ್ಚು ಸಿ ಆಗಿಬರದು.

ತಾಟಿನಲ್ಲಿ ಸಿಗುವುದು ಸಾಕು. ಧಾರವಾಡದ ಒಂದು ಪೇರಲ ಹಣ್ಣು ದಿನದ ವಿಟಮಿನ್ ಸಿ ದಾಟಿಸುತ್ತದೆ. ಪಲ್ಲೆಗೆ ಲಿಂಬೆ ಹಿಂಡುವುದಾದರೆ ಒಲೆಯಿಂದ ಇಳಿಸಿದ ಮೇಲೆ, ಕುದಿಸಿದರೆ ಸಿ ಕರಗಿಹೋಗುತ್ತದೆ. ರೊಟ್ಟಿಯ ಜೊತೆ ಹಸಿ ಹಕ್ಕರಕಿ ಸೊಪ್ಪು ಇರಲಿ. ಇ ಬೇಕೆಂದರೆ ಕುಸುಬಿ ಎಣ್ಣೆ, ಒಂದು ಹಿಡಿ ಶೇಂಗಾ.

ಹೃದಯಕ್ಕೆ ನಿಜವಾದ ಪೆಟ್ಟು ಬೀಳುವುದು ಉಪ್ಪು, ಬಿಪಿ, ಸಕ್ಕರೆಯ ದಾರಿಯಲ್ಲಿ. ಸ್ಟೀರಾಯ್ಡ್ ಉಪ್ಪನ್ನೂ ನೀರನ್ನೂ ಮೈಯಲ್ಲಿ ಹಿಡಿದಿಡುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಚಹಾ ಚಮಚದಲ್ಲಿ ಸಮ ಮಾಡಿದ ಒಂದು ಚಮಚಕ್ಕಿಂತ ತುಸು ಕಡಿಮೆ, ಒಬ್ಬರಿಗೆ ಒಟ್ಟು ಉಪ್ಪು. ರೋಗಿಯ ಪಾಲನ್ನು ಬೆಳಿಗ್ಗೆಯೇ ಸಣ್ಣ ಡಬ್ಬಿಗೆ ತೆಗೆದಿಡಿ. ಜೋಳದ ರೊಟ್ಟಿ ಉಪ್ಪಿಲ್ಲದೆ ನಡೆಯುತ್ತದೆ, ಅಲ್ಲಿ ತೊಂದರೆಯಿಲ್ಲ. ಲೆಕ್ಕ ತಪ್ಪಿಸುವವು ಪಕ್ಕದವು: ಶೇಂಗಾ ಹಿಂಡಿ (ಚಟ್ನಿಪುಡಿ), ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಭಜಿ. ಹಿಂಡಿ ಕುಟ್ಟುವಾಗಲೇ ಉಪ್ಪು ಅರ್ಧ ಮಾಡಿ, ಬೆಳ್ಳುಳ್ಳಿ ಮತ್ತು ಬ್ಯಾಡಗಿ ಮೆಣಸಿನಕಾಯಿ ಹೆಚ್ಚಿಸಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ.

ಗುಳಿಗೆ ಬೆಳಿಗ್ಗೆ ನಾಷ್ಟಾ ಆದ ಮೇಲೆ. ಬಿಪಿಯನ್ನು ಅದಕ್ಕೂ ಮೊದಲು, 5 ನಿಮಿಷ ಸುಮ್ಮನೆ ಕೂತು, ಮಾತಾಡದೆ, ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ವಹಿಯಲ್ಲಿ ಬರೆಯಿರಿ. ದಿನವೂ 135/85 ದಾಟುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಸಕ್ಕರೆಯಲ್ಲಿ ಜನ ಏಮಾರುವುದು ಇಲ್ಲೇ: ಖಾಲಿ ಹೊಟ್ಟೆಯ ರಿಪೋರ್ಟ್ ನಾರ್ಮಲ್ ಬರುತ್ತದೆ, ಆದರೆ ಬೆಳಗಿನ ಗುಳಿಗೆ ಸಕ್ಕರೆ ಏರಿಸುವುದು ಮಧ್ಯಾಹ್ನದಿಂದ ಸಂಜೆಗೆ. ಮಧ್ಯಾಹ್ನದ ಊಟವಾದ 2 ತಾಸಿಗೆ ನೋಡಿದರೆ ಸಿಕ್ಕಿಬೀಳುತ್ತದೆ.

ಮೂರು ವಾರ ಮೀರಿ ನುಂಗಿದ್ದರೆ ಹೆದರಿ ಒಮ್ಮೆಲೇ ನಿಲ್ಲಿಸಬೇಡಿ. ಅಷ್ಟರಲ್ಲಿ ಮೈಯ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಲಗಿರಬಹುದು, ಬಿಪಿ ದಿಢೀರನೆ ಕುಸಿಯಬಹುದು. ಡೋಸು ಇಳಿಸುವುದು ಡಾಕ್ಟರು ಹೇಳಿದ ಮೆಟ್ಟಿಲಿನಂತೆಯೇ. ಜಿಮ್ಮಿನ ಚುಚ್ಚುಮದ್ದು ಬೇರೆ ಜಾತಿಯ ಸ್ಟೀರಾಯ್ಡ್: ಒಳ್ಳೆಯ ಕೊಲೆಸ್ಟ್ರಾಲ್ ಇಳಿಸಿ ಹೃದಯದ ಗೋಡೆ ದಪ್ಪಗಾಗಿಸುತ್ತದೆ, ಅದಕ್ಕೆ ಕ್ಯಾಪ್ಸೂಲಿನ ಕಾವಲಿಲ್ಲ.

ಮೂರು ದಿನದಲ್ಲಿ 2 ಕಿಲೋ ತೂಕ ಏರಿದರೆ, ಪಾದ ಬಾತರೆ, ಅಂಗಾತ ಮಲಗಿದಾಗ ಉಸಿರು ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ನಡೆಯಿರಿ. ಗುಳಿಗೆಯ ಚೀಟಿ, ಬಿಪಿ ವಹಿ ಜೊತೆಗಿರಲಿ. ಸಂತೆಯಲ್ಲಿ ಕೊಂಡ ಮಂಡಿನೋವಿನ ಹೆಸರಿಲ್ಲದ ಪುಡಿಯಿದ್ದರೆ ಅದನ್ನೂ ಒಯ್ಯಿರಿ, ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು.