ಅವಳ ಪಾತ್ರವನ್ನು ಅವಳಿಗೆ ಕೊಡಬೇಡಿ: ನಮ್ಮ ತಾಲೀಮಿನ ಅನುಭವ

ಕೋಲಾರದ ಕಡೆಯ ಕಾಲೋನಿಗಳಲ್ಲಿ ದಲಿತ ಹೆಣ್ಣುಮಕ್ಕಳ ಜೊತೆ ನಾಟಕ ಕಟ್ಟುತ್ತಾ ಐದಾರು ವರ್ಷ ಆಯಿತು. ಜಾತಿಯ ಕಾರಣಕ್ಕೆ ಹೊಡೆತ ತಿಂದವರು, ಅತ್ಯಾಚಾರ ದಾಟಿ ಬಂದವರು ನಮ್ಮ ತಂಡದಲ್ಲಿದ್ದಾರೆ. "ಸುಮ್ನೆ ಗಾಯ ಕೆದಕುತ್ತೀರಿ" ಅಂತ ಆಪ್ತಸಮಾಲೋಚಕರು ಹೇಳಿದ್ದರು. "ಇದು ನಾಟಕವೇ ಅಲ್ಲ" ಅಂತ ರಂಗದವರು ಹೇಳಿದ್ದರು. ಈಗ ಅವರೇ ಬಂದು ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಮುಂದೆ ಫೋರಂ ಅನ್ನುವುದು ಫೋರಂ ಥಿಯೇಟರ್‌ಗೆ. ಅದು ಬ್ರೆಜಿಲ್‌ನ ರಂಗಕರ್ಮಿ ಬೋವಾಲ್ ಕಟ್ಟಿದ ಪದ್ಧತಿ, ಅದರಲ್ಲಿ ನೋಡುವವರೇ ನಾಟಕ ನಿಲ್ಲಿಸಿ, ಪಾತ್ರದ ಜಾಗಕ್ಕೆ ಬಂದು ಬೇರೆ ಥರ ಆಡಿ ತೋರಿಸುತ್ತಾರೆ.

ಮೊದಲು ಎಲ್ಲರೂ ಮಾಡುವ ಹಾಗೇ ಶುರು ಮಾಡಿದೆವು. ಸುತ್ತ ಕೂರುವುದು, ಒಬ್ಬೊಬ್ಬರೇ ತಮಗಾದದ್ದನ್ನು ಹೇಳುವುದು, ಅದನ್ನೇ ದೃಶ್ಯ ಮಾಡುವುದು. ಆ ದಿನ ಎಲ್ಲರೂ ಅಳುತ್ತಾರೆ, ಹಗುರ ಆಯ್ತಕ್ಕ ಅನ್ನುತ್ತಾರೆ. ಮುಂದಿನ ವಾರ ಅರ್ಧ ಜನ ಬರುವುದಿಲ್ಲ. ಮನೆಗೆ ಹೋಗಿ ಕೇಳಿದರೆ ನಿದ್ದೆ ಬರುತ್ತಿಲ್ಲ ಅನ್ನುತ್ತಾರೆ. ಒಮ್ಮೆ ಹೇಳುವುದು ಬೇರೆ, ಅದೇ ಮಾತನ್ನು ತಾಲೀಮಿನಲ್ಲಿ ಮತ್ತೆ ಮತ್ತೆ ಹೇಳಿಸುವುದು ಬೇರೆ. ಜೊತೆಗೆ ವಕೀಲರೊಬ್ಬರು ಇನ್ನೊಂದು ವಿಷಯ ಹೇಳಿದರು. ಕೇಸ್ ನಡೆಯುವಾಗ ಅವಳು ತನ್ನ ಕಥೆಯನ್ನು ನಾಟಕದಲ್ಲಿ ಆಡಿದರೆ, ಪಾಟೀಸವಾಲಿನಲ್ಲಿ ಎದುರು ವಕೀಲರು "ಇದೆಲ್ಲ ನಾಟಕದವರು ಹೇಳಿಕೊಟ್ಟ ಮಾತು" ಅನ್ನಬಹುದು. ಅತ್ಯಾಚಾರಕ್ಕೆ ಒಳಗಾದವಳ ಗುರುತು ಬಯಲು ಮಾಡುವುದು ಕಾನೂನಿನಲ್ಲೇ ಅಪರಾಧ ಅನ್ನೋದೂ ಇದೆ. ಊರ ಹೆಸರು ಬದಲಿಸಿದರೂ ಸುತ್ತಲಿನ ನಾಲ್ಕು ಹಳ್ಳಿಯವರಿಗೆ ಅದು ಯಾರ ಕಥೆ ಅಂತ ತಿಳಿಯುತ್ತದೆ, ಅಲ್ವಾ?

ಎರಡನೇ ಪ್ರಯತ್ನ ಶುದ್ಧ ಫೋರಂ. ಹಲ್ಲೆಯ ದೃಶ್ಯ ತೋರಿಸಿ, ಜನರಿಂದ "ನಿಲ್ಲಿಸಿ" ಅನ್ನಿಸಿ, ಅವಳ ಜಾಗಕ್ಕೆ ಬಂದು ಬೇರೆ ಥರ ಆಡಿ ಅಂದೆವು. ಬಂದವರೆಲ್ಲ ಅವಳನ್ನೇ ತಿದ್ದಿದರು. ಆ ದಾರಿಯಲ್ಲಿ ಹೋಗಬಾರದಿತ್ತು, ಕಿರುಚಬೇಕಿತ್ತು, ಒಬ್ಬಳೇ ಹುಲ್ಲು ಕೊಯ್ಯಲು ಯಾಕೆ ಹೋದಳು. ಕೂಲಿ ಸಂಘಟನೆಗೆ, ನೀರಿನ ಜಗಳಕ್ಕೆ ಫೋರಂ ಚೆನ್ನಾಗಿ ಕೆಲಸ ಮಾಡುತ್ತದೆ. ಅತ್ಯಾಚಾರದ ಕ್ಷಣಕ್ಕೆ ಅದನ್ನು ಹಚ್ಚಿದರೆ ತಪ್ಪೆಲ್ಲ ಅವಳದೇ ಆಗಿಬಿಡುತ್ತದೆ. ಆಮೇಲೆ ಆ ಕ್ಷಣವನ್ನು ನಾವು ರಂಗದ ಮೇಲೆ ತಂದೇ ಇಲ್ಲ.

ಕೆಲಸ ಮಾಡಿದ್ದು ಇದು. ನಾಟಕ ಶುರುವಾಗುವುದೇ ಘಟನೆ ಆದ ಮಾರನೇ ದಿನದಿಂದ. ಪೊಲೀಸ್ ಠಾಣೆ, ಹಿಟ್ಟಿನ ಗಿರಣಿ, ಪಂಚಾಯ್ತಿ ಕಟ್ಟೆ, ಅತ್ತೆ ಮನೆ. ನೋಡುವವರು ಬದಲಿಸಬಹುದಾದದ್ದು ಅಕ್ಕಪಕ್ಕದವರ ಪಾತ್ರ ಮಾತ್ರ. ಠಾಣೆಯ ರೈಟರ್ ದೂರು ಬರೆದುಕೊಳ್ಳದಿದ್ದಾಗ ಜೊತೆಗೆ ಹೋದ ಅಣ್ಣ ಏನು ಮಾಡಬೇಕಿತ್ತು? ಅವಳು ಬಂದ ಕೂಡಲೇ ಗಿರಣಿಯಲ್ಲಿ ಮಾತು ನಿಂತಾಗ ಪಕ್ಕದವಳು ಏನು ಹೇಳಬೇಕಿತ್ತು? ಅವಳ ಪಾತ್ರವನ್ನು ಯಾರೂ ಮುಟ್ಟುವ ಹಾಗಿಲ್ಲ. ಮತ್ತೆ, ಯಾರಿಗೆ ಇದು ಆಗಿದೆಯೋ ಅವರು ಆ ಪಾತ್ರ ಆಡುವುದಿಲ್ಲ. ಅವರು ಇನ್ಸ್‌ಪೆಕ್ಟರ್ ಆಗುತ್ತಾರೆ, ಊರ ಯಜಮಾನ ಆಗುತ್ತಾರೆ. ಇಲ್ಲವೇ ಹೊರಗೆ ಕೂತು ನಾಟಕ ಆಡಿಸುತ್ತಾರೆ.

ಇದರ ಬಲ ನೋಡಿ ನಾನೇ ಬೆರಗಾದೆ. ಗಿರಣಿ ಬೀದಿಗೆ ಎರಡು ವರ್ಷ ಕಾಲಿಡದ ಒಬ್ಬಾಕೆ ಯಜಮಾನನ ಪಾತ್ರ ಕೇಳಿ ತೆಗೆದುಕೊಂಡಳು. ಅವನು ಕೂರುವ ರೀತಿ, ಕೆಮ್ಮುವ ರೀತಿ, ಕಾಲೋನಿಯವರ ಮುಖ ನೋಡದೆ ಮಾತಾಡುವ ರೀತಿ, ಎಲ್ಲ ಅವಳ ಕಣ್ಣಲ್ಲಿತ್ತು. ಆಡಿದ ಮೇಲೆ "ಇವನು ಇಷ್ಟೇನಾ ಅಕ್ಕ" ಅಂದಳು. ಈಗ ಗಿರಣಿಗೆ ಅವಳೇ ಹೋಗುತ್ತಾಳೆ. ಪಾತ್ರ ಕಳಚಿಸಲು ಕೊನೆಯಲ್ಲಿ ಒಂದು ಆಟ ಆಡಿಸುತ್ತೇವೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಓದಿ ಮಾಡಿದರೆ ಕೆಡುತ್ತದೆ, ಬಂದು ನೋಡಿ.

ಜನ ಜಾಸ್ತಿ ಎದ್ದು ಬರುವುದು ಪರಿಹಾರದ ಹಣದ ದೃಶ್ಯಕ್ಕೆ. "ದುಡ್ಡಿಗೆ ಕೇಸ್ ಹಾಕಿದಳು" ಅಂತ ಎಲ್ಲ ಊರಲ್ಲೂ ಅನ್ನುತ್ತಾರೆ. ಅಟ್ರಾಸಿಟಿ ಕಾಯ್ದೆ, ಅಂದರೆ ಪರಿಶಿಷ್ಟ ಜಾತಿ ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 2016ರ ನಿಯಮದಲ್ಲಿ ಅತ್ಯಾಚಾರಕ್ಕೆ 5 ಲಕ್ಷ ಪರಿಹಾರ ಇದೆ. ವೈದ್ಯಕೀಯ ವರದಿ ಬಂದ ಮೇಲೆ ಅರ್ಧ, ಚಾರ್ಜ್‌ಶೀಟ್ ಆದ ಮೇಲೆ ಕಾಲು ಭಾಗ, ವಿಚಾರಣೆ ಮುಗಿದ ಮೇಲೆ ಉಳಿದದ್ದು. ಇದನ್ನು ತಮಟೆಗೆ ಹೊಂದಿಸಿ ಪದ ಕಟ್ಟಿದ್ದೇವೆ. ಭಾಷಣದಲ್ಲಿ ಹೇಳಿದಾಗ ಯಾರೂ ಕೇಳಲಿಲ್ಲ, ಪದ ಮಾತ್ರ ಮಕ್ಕಳ ಬಾಯಲ್ಲೂ ಇದೆ.

ತಮಟೆಯದೇ ಒಂದು ಕಥೆ. ಊರವರ ಸಾವಿಗೆ, ಜಾತ್ರೆಗೆ ತಮಟೆ ಬಾರಿಸುವುದು ಜಾತಿಯ ಹೆಸರಲ್ಲಿ ದಲಿತರ ಮೇಲೆ ಹೇರಿದ್ದ ಕೆಲಸ. "ಬಿಟ್ಟಿ ಚಾಕರಿ ಅಂತ ನಾವು ಬಿಟ್ಟದ್ದನ್ನು ಹೆಂಗಸರ ಕೈಗೆ ಕೊಡ್ತೀರಾ" ಅಂತ ಕಾಲೋನಿಯ ಹಿರಿಯರು ಸಿಟ್ಟಾದರು. ಅವರ ಸಿಟ್ಟಿಗೆ ಅರ್ಥ ಇತ್ತು. ಸಾವಿಗೆ, ಜಾತ್ರೆಗೆ ಕರೆದರೆ ಹೋಗುವುದಿಲ್ಲ, ನಮ್ಮ ನಾಟಕಕ್ಕೆ ಮಾತ್ರ ಅಂತ ಒಪ್ಪಿಸಲು ತಿಂಗಳುಗಳೇ ಹಿಡಿದವು. ಆದರೆ ಹಳೆಯ ಎರಡೂ ಪ್ರಯತ್ನ ಬಿಟ್ಟು ಹೊಸದಾಗಿ ಶುರು ಮಾಡಿದಾಗ, ಮೊದಲ ಐದಾರು ತಿಂಗಳು ನಾವು ಯಾವ ಕಥೆಯನ್ನೂ ಕೇಳದೆ ಬರೀ ತಮಟೆ ಕಲಿಸಿದ್ದೇ ಒಳ್ಳೆಯದಾಯಿತು. ಭುಜ ಬಗ್ಗಿಸಿ ನಡೆಯುತ್ತಿದ್ದವರು ನೆಟ್ಟಗೆ ನಿಂತರು. ಚರ್ಮದ ತಮಟೆ ಪ್ರತಿ ಸಲ ಬೆಂಕಿಗೆ ಕಾಯಿಸಬೇಕು, ಆ ಹತ್ತು ನಿಮಿಷದ ಬೆಂಕಿಯ ಸುತ್ತ ಬರುವ ಮಾತು ಯಾವ ವೃತ್ತದಲ್ಲಿ ಕೂರಿಸಿದರೂ ಬರಲ್ಲ. ಫೈಬರ್ ತಮಟೆ ಸಸ್ತಾ ಅಂತ ತಂದೆವು, ಅದಕ್ಕೆ ಬೆಂಕಿಯೇ ಬೇಡ, ಆದ್ದರಿಂದಲೇ ವಾಪಸ್ ಇಟ್ಟೆವು. ಮುಖವಾಡವೂ ಪ್ರಯತ್ನ ಮಾಡಿದೆವು, ಒಬ್ಬರಿಗೆ ಮುಖ ಮುಚ್ಚಿದ್ದಕ್ಕೆ ಉಸಿರು ಕಟ್ಟಿತು, ಬಿಟ್ಟೆವು. ಮೇಲ್ಜಾತಿಯ ಇಬ್ಬರು ಸಂಘದ ಹೆಂಗಸರು ತಾವೂ ಬರುತ್ತೇವೆ ಅಂದಿದ್ದಾರೆ. ಸದ್ಯಕ್ಕೆ ಅವರು ನೋಡಲು ಬರಬಹುದು, ತಾಲೀಮಿಗೆ ಬೇಡ ಅಂತ ತಂಡವೇ ತೀರ್ಮಾನ ಮಾಡಿತು. ನನಗೂ ಅದೇ ಸರಿ ಅನ್ನಿಸುತ್ತದೆ.

ಇನ್ನು ದುಡ್ಡು. ತಾಲೀಮಿಗೆ ಬಂದರೆ ಅವತ್ತಿನ ಕೂಲಿ ಹೋಗುತ್ತದೆ, ಮನೆಯಲ್ಲಿ ಜಗಳ ಶುರುವಾಗುತ್ತದೆ. ಆದ್ದರಿಂದ ದಿನಕ್ಕೆ 400 ಕೊಡುತ್ತೇವೆ. ಹದಿನಾಲ್ಕು ಹದಿನೈದು ಜನ, ತಿಂಗಳಿಗೆ ಎರಡು ದಿನ, ಊಟ ಸೇರಿ ಹತ್ತಿರ ಹತ್ತಿರ 14 ಸಾವಿರ. ಒಂದು ಸಂಸ್ಥೆ ಧ್ವನಿವರ್ಧಕಕ್ಕೆ ದುಡ್ಡು ಕೊಡುತ್ತೇವೆ, ಕೂಲಿಗೆ ಕೊಡಲ್ಲ ಅಂತು. ನಾವು ಧ್ವನಿವರ್ಧಕ, ಲೈಟು ಎರಡನ್ನೂ ಬಿಟ್ಟು ಕೂಲಿ ಉಳಿಸಿಕೊಂಡೆವು. ಒಂದು ಪ್ರದರ್ಶನಕ್ಕೆ ಎಂಟೊಂಬತ್ತು ಸಾವಿರ ಉಳಿಯಿತು. ನಾಲ್ಕು ಗಂಟೆಗೆ ಬಿಸಿಲಲ್ಲೇ ಆಡಿ, ಕೊನೇ ಬಸ್ಸಿಗೆ ಮೊದಲು ಮುಗಿಸುತ್ತೇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಮಟೆ ಮೇಷ್ಟ್ರಿಗೆ ಬಿಟ್ಟರೆ ಯಾರಿಗೂ ಟಿಕೆಟ್ ಖರ್ಚಿಲ್ಲ. ಕೂಲಿ ಕೊಡಲು ಶುರು ಮಾಡಿದ ಮೇಲೆ ತಂಡ ಬಿಟ್ಟವರು ಒಬ್ಬರೋ ಇಬ್ಬರೋ, ಅದೂ ಮದುವೆಯಾಗಿ ಬೇರೆ ಊರಿಗೆ ಹೋದವರು. ಇಷ್ಟು ಗಟ್ಟಿಯಾಗಿ ನಿಂತ ಹೆಂಗಸರ ತಂಡ ನಮ್ಮ ಕಡೆ ನಾನು ಬೇರೆ ನೋಡಿಲ್ಲ.

ಪ್ರದರ್ಶನಕ್ಕೆ ಕರೆಯುವವರಿಗೆ ಒಂದು ಮಾತು. ಕೂಲಿ ಮುಂಗಡ ಬರಬೇಕು. ಯಾರೂ ವಿಡಿಯೋ ಮಾಡಬಾರದು. ನಾಟಕ ಮುಗಿದ ಮೇಲೆ "ಇದರಲ್ಲಿ ನಿಮ್ಮ ಕಥೆ ಯಾವುದಮ್ಮ" ಅಂತ ಯಾರೂ ಕೇಳಬಾರದು. ಕೇಳಿದ ಕಡೆ ನಾವು ಎರಡನೇ ಸಲ ಹೋಗಿಲ್ಲ.