ಹಡಗಿನ ಟೈಮು, ದ್ವೀಪದ ಟೈಮು: ಕೊಸುಮೆಲ್‌ನಲ್ಲಿ ಕೊನೆಗೂ ಡೈವ್ ಮಾಡಿದೆ

ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಿಂದ ಹೊರಡುವ ಕ್ರೂಸ್‌ನಲ್ಲಿ ಮೆಕ್ಸಿಕೋದ ದ್ವೀಪ ಕೊಸುಮೆಲ್‌ಗೆ ಮೂರು ಸಲ ಹೋಗಿದ್ದೇನೆ. ಅಲ್ಲಿ ಸ್ಕೂಬಾ ಡೈವ್ (ಗಾಳಿ ಟ್ಯಾಂಕ್ ಕಟ್ಟಿಕೊಂಡು ಕಡಲಲ್ಲಿ ಮುಳುಗುವುದು) ಕೈಗೂಡಿದ್ದು ಮೂರನೆಯ ಸಲ, ಈ ಜನವರಿಯಲ್ಲಿ.

"ಹಡಗಿನವರ ಟೂರ್ ಬಿಟ್ಟು ಸ್ವಂತಕ್ಕೆ ಬುಕ್ ಮಾಡ್ತೀರಾ? ಹಡಗು ಹೊರಟು ಹೋದ್ರೆ ಏನ್ ಮಾಡ್ತೀರಾ ಭಾವ?" ಅಂತ ಹೂಸ್ಟನ್‌ನ ಬಾಮೈದ ಆಡಿಕೊಂಡಿದ್ದ. ಅವನ ಮಾತು ಪೂರ್ತಿ ತಪ್ಪಲ್ಲ. ಹಡಗಿನವರದೇ ಟೂರ್ ತಡವಾದರೆ ಕಾಯುತ್ತಾರೆ, ನಮ್ಮಂಥವರಿಗೆ ಯಾರು ಕಾಯುತ್ತಾರೆ?

ಮೊದಲ ಸಲ ಡಿಸೆಂಬರ್. ಡೈವ್ ದೋಣಿ ಹತ್ತಕ್ಕೆ. ಒಂಬತ್ತು ಐವತ್ತಕ್ಕೆ ಬ್ಯಾಗ್ ಹೊತ್ತು ನಗುತ್ತಾ ಹೋದೆ. ದೋಣಿ ಹೋಗಿ ಮುಕ್ಕಾಲು ಗಂಟೆ ಆಗಿತ್ತು! ಕೊಸುಮೆಲ್ ಇರುವ ಕಿಂಟಾನಾ ರೋ ರಾಜ್ಯ 2015ರಿಂದ ವರ್ಷವಿಡೀ ಒಂದೇ ಟೈಮು ಇಟ್ಟುಕೊಂಡಿದೆ. ಚಳಿಗಾಲದಲ್ಲಿ ಟೆಕ್ಸಾಸ್‌ಗಿಂತ ಒಂದು ಗಂಟೆ ಮುಂದೆ. ನಮ್ಮ ಹಡಗು ಟೆಕ್ಸಾಸ್ ಟೈಮನ್ನೇ ಬಿಟ್ಟಿರಲಿಲ್ಲ, ಫೋನ್ ಏರೋಪ್ಲೇನ್ ಮೋಡ್‌ನಲ್ಲಿತ್ತು. ಮುಂಗಡ 40 ಡಾಲರ್ ಗೋವಿಂದ. ಬೇಸಿಗೆಯಲ್ಲಿ ಮಯಾಮಿಯಿಂದ ಹೋದರೆ ಇದೇ ಲೆಕ್ಕ ಉಲ್ಟಾ. ಆಗ ದ್ವೀಪವೇ ಒಂದು ಗಂಟೆ ಹಿಂದೆ.

ಎರಡನೆಯ ಸಲ ಬಡಗಣ ಗಾಳಿ. ಚಳಿಗಾಲದಲ್ಲಿ ಅದು ಜೋರಾದರೆ ಸಣ್ಣ ದೋಣಿಗಳನ್ನು ಕಡಲಿಗೆ ಬಿಡುವುದಿಲ್ಲ. ಪುಣ್ಯಕ್ಕೆ ಆ ಸಲ ದುಡ್ಡು ವಾಪಸ್ ಬಂತು. ಬುಕ್ ಮಾಡುವ ಮುಂಚೆಯೇ "ಹಡಗು ನಿಲ್ಲದಿದ್ದರೆ, ಬಂದರು ಮುಚ್ಚಿದರೆ ಪೂರ್ತಿ ವಾಪಸ್" ಅಂತ ಬರೆಸಿಕೊಂಡಿದ್ದೆ.

ಮೂರನೆಯ ಸಲ ಲೆಕ್ಕವನ್ನು ಕೊನೆಯಿಂದ ಶುರು ಮಾಡಿದೆ. ಹಡಗು ಹತ್ತಲು ಕಡೆಯ ಗಡುವು ದ್ವೀಪದ ಟೈಮಲ್ಲಿ ನಾಲ್ಕೂವರೆ. ಎರಡು ಗಂಟೆ ಕೈಯಲ್ಲಿರಬೇಕು. ಅಂದರೆ ಎರಡೂವರೆಗೆ ಹಡಗುಕಟ್ಟೆಗೆ ವಾಪಸ್. ಕಟ್ಟೆಯ ಹತ್ತಿರಕ್ಕೇ ದೋಣಿ ತಂದು ಹತ್ತಿಸಿಕೊಳ್ಳುವ ಡೈವ್ ಅಂಗಡಿಯನ್ನೇ ಹಿಡಿದೆ.

ಎರಡು ಟ್ಯಾಂಕ್‌ಗೆ, ಅಂದರೆ ಎರಡು ಡೈವ್‌ಗೆ, ಸುಮಾರು 105 ಡಾಲರ್, ಹವಳದ ದಿಬ್ಬಗಳಿರುವ ಕಡಲ ಪಾರ್ಕಿನ ಶುಲ್ಕ ಐದಾರು, ಟಿಪ್ಸ್ 15 ಆಯಿತು. ಹಡಗಿನವರ ಟೂರ್ 160ರ ಹತ್ತಿರ ಇತ್ತು. ಉಳಿದಿದ್ದು ಮೂವತ್ತು ಚಿಲ್ಲರೆ, ಅಷ್ಟೇ. ಆದರೆ ದೋಣಿಯಲ್ಲಿ ನಾವು ಆರೇ ಜನ.

ನಾನು ಡೈವ್ ಕಲಿತಿದ್ದು ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ. ಅಲ್ಲಿ ದೋಣಿ ನಿಂತಲ್ಲೇ ಇರುತ್ತಿತ್ತು, ನಾವೇ ವಾಪಸ್ ಬರಬೇಕಿತ್ತು. ಇಲ್ಲಿ ನೀರೇ ಎಳೆದುಕೊಂಡು ಹೋಗುತ್ತದೆ, ದೋಣಿ ನಮ್ಮ ಗುಳ್ಳೆ ನೋಡುತ್ತಾ ಹಿಂದೆ ಬರುತ್ತದೆ. ಮೊದಲು ಪಲಂಕಾರ್ ರೀಫ್ (ಹವಳದ ದಿಬ್ಬ), 22 ಮೀಟರ್ ಆಳ ಇರಬೇಕು. ಆಮೇಲೆ ಪ್ಯಾರಡೈಸ್ ರೀಫ್. ಅಲ್ಲಿ ಹವಳದ ಅಡಿಯ ಸಂದಿಗೆ ಟಾರ್ಚ್ ಹಾಕಿದರೆ ಸ್ಪ್ಲೆಂಡಿಡ್ ಟೋಡ್‌ಫಿಶ್! ಚಪ್ಪಟೆ ತಲೆ, ಮೈಮೇಲೆ ಪಟ್ಟೆ, ಗಲ್ಲದಲ್ಲಿ ಜೋತಾಡುವ ಗಡ್ಡ, ರೆಕ್ಕೆ ಅಂಚಿಗೆ ಅರಿಶಿನ ಬಳಿದ ಹಾಗೆ ಹಳದಿ. ಕೊಸುಮೆಲ್ ಮೀನು ಅಂತಲೇ ಹೆಸರು ಅದಕ್ಕೆ. ಒಂದು ನಿಮಿಷ ನೋಡಿದೆನೋ ಇಲ್ಲವೋ, ನೀರು ಎಳೆದುಕೊಂಡು ಹೋಯಿತು. ಹಿಡಿದುಕೊಳ್ಳುವ ಹಾಗೂ ಇಲ್ಲ. ಪಾರ್ಕಿನಲ್ಲಿ ಗ್ಲೌಸ್, ಚಾಕು ಎರಡಕ್ಕೂ ನಿಷೇಧ. ನನ್ನ ಡೈವ್ ಚಾಕುವಂತೂ ಮೊದಲ ಟ್ರಿಪ್ಪಿನಲ್ಲಿ ಹಡಗು ಹತ್ತುವಾಗಲೇ ಕಿತ್ತುಕೊಂಡಿದ್ದರು.

ಮಧ್ಯಾಹ್ನ ಎರಡೂಕಾಲು ಗಂಟೆಗೆ ಹಡಗುಕಟ್ಟೆಯಲ್ಲಿದ್ದೆ. ಬಾಮೈದನಿಗೆ ಹಡಗಿನ ಮುಂದೆ ನಿಂತು ಒಂದು ಫೋಟೋ ಕಳಿಸಿದೆ, ಕೈಗಡಿಯಾರ ಕಾಣುವ ಹಾಗೆ.

ಇನ್ನೊಂದು ಪ್ರಯೋಗ ಸುಮ್ನೆ ಮಾಡಿದ್ದು. ಕ್ಯಾಬಿನ್ ಗೋಡೆ ಉಕ್ಕಿನದು, ಮ್ಯಾಗ್ನೆಟ್ ಕೊಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ವೆಟ್‌ಸೂಟನ್ನು (ಡೈವ್‌ಗೆ ಹಾಕುವ ರಬ್ಬರಿನಂಥ ಬಟ್ಟೆ) ಮೊದಲು ಟವೆಲ್‌ನಲ್ಲಿ ಸುತ್ತಿ, ಮೇಲೆ ನಿಂತು ತುಳಿದು, ಆಮೇಲೆ ನೇತುಹಾಕಿದೆ. ಬೆಳಿಗ್ಗೆಗೆ ಒಣಗಿತ್ತು. ಬೂಟಿನದು ಮಾತ್ರ ಮನೆ ಮುಟ್ಟುವವರೆಗೂ ಗಬ್ಬು ನಾತ.